ಟರ್ಮಿನಲ್ ಔಟ್‌ಪುಟ್‌ಗೆ ಬಣ್ಣ ಕೊಡುವ ಬಗೆ: ಮಲೆನಾಡಿನ ಮಳೆ ಲೆಕ್ಕದ ಉದಾಹರಣೆಯೊಂದಿಗೆ

ಮಳೆಗಾಲದಲ್ಲಿ ಶಿವಮೊಗ್ಗ ಜಿಲ್ಲೆಯವರಿಗೆ ಬಣ್ಣಗಳ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಕೊಟ್ಟರೆ ತೋಟದ ಕೆಲಸ ಮುಂದಕ್ಕೆ ಹೋಗುತ್ತದೆ, ರೆಡ್ ಅಲರ್ಟ್ ಎಂದರೆ ನಾಳೆ ಶಾಲೆಗೆ ರಜೆಯೇ ಎಂದು ಮಕ್ಕಳು ವಿಚಾರಿಸತೊಡಗುತ್ತಾರೆ. ಅದೇ ಮಳೆಯ ಅಂಕಿಗಳನ್ನು ನಾವೇ ಬರೆದ ಪ್ರೋಗ್ರಾಂ ಒಂದು, ಕಮಾಂಡ್ ಟೈಪ್ ಮಾಡಿ ಉತ್ತರವನ್ನು ಬರಹದಲ್ಲೇ ಓದುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಮುದ್ರಿಸಿದಾಗ ಮಾತ್ರ ಆಗುಂಬೆಯ 210 ಮಿ.ಮೀ. ಮತ್ತು ಶಿಕಾರಿಪುರದ 12 ಮಿ.ಮೀ. ಎರಡೂ ಒಂದೇ ಮಾಸಲು ಬಣ್ಣದಲ್ಲಿ ಒಂದರ ಕೆಳಗೊಂದು ಕುಳಿತಿರುತ್ತವೆ; ಯಾವ ಸಾಲು ಮುಖ್ಯವೆಂದು ತಿಳಿಯಲು ಎಲ್ಲ ಸಾಲುಗಳನ್ನೂ ಓದಬೇಕಾಗುತ್ತದೆ. ಆ ಔಟ್‌ಪುಟ್‌ಗೆ ಬಣ್ಣ, ದಪ್ಪಕ್ಷರ, ಅಡಿಗೆರೆಗಳನ್ನು ಸೇರಿಸುವ ಕ್ರಮವನ್ನು ಪೈಥಾನ್ 3ರಲ್ಲಿ ಹಂತ ಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಬಣ್ಣವನ್ನು ಪೂರ್ತಿ ತೆಗೆದುಹಾಕಿದರೂ ಔಟ್‌ಪುಟ್ ತನ್ನ ಅರ್ಥವನ್ನು ಕಳೆದುಕೊಳ್ಳಬಾರದು. ಬಣ್ಣವಿರುವುದು ಓದುವವರ ಕಣ್ಣನ್ನು ಬೇಗ ಸರಿಯಾದ ಜಾಗಕ್ಕೆ ಕರೆದೊಯ್ಯಲು. ಹೇಳಬೇಕಾದ ಸಂಗತಿಯನ್ನು ಅದೊಂದರ ಮೇಲೆಯೇ ಹೊರಿಸಬಾರದು. ಮುಂದಿನ ಹಂತಗಳಲ್ಲಿ ನಾನು ಮಾಡಿರುವ ಆಯ್ಕೆಗಳಲ್ಲಿ ಹೆಚ್ಚಿನವು ಈ ನಿಲುವಿನಿಂದಲೇ ಬಂದಿವೆ.

ಬಣ್ಣ ಎಲ್ಲಿಂದ ಬರುತ್ತದೆ

ಟರ್ಮಿನಲ್‌ಗೆ ಪ್ರೋಗ್ರಾಂ ಕಳಿಸುವುದು ಅಕ್ಷರಗಳ ಒಂದೇ ಹರಿವು. ಬಣ್ಣಕ್ಕೆಂದು ಬೇರೆ ದಾರಿಯಿಲ್ಲ. ಆದ್ದರಿಂದ ಬಣ್ಣದ ಆದೇಶವೂ ಅಕ್ಷರಗಳ ನಡುವೆಯೇ ಹೋಗಬೇಕು. ಆ ಆದೇಶವು ಎಸ್ಕೇಪ್ ಎಂಬ ಕಾಣದ ಅಕ್ಷರದಿಂದ ಆರಂಭವಾಗುತ್ತದೆ. ಅದರ ಸಂಖ್ಯೆ ದಶಮಾನದಲ್ಲಿ 27, ಎಂಟರ ಆಧಾರದ ಎಣಿಕೆಯಾದ ಆಕ್ಟಲ್‌ನಲ್ಲಿ 33. ಅದರ ಹಿಂದೆಯೇ ಎಡ ಚೌಕ ಆವರಣ, ಆಮೇಲೆ ಒಂದು ಅಥವಾ ಹೆಚ್ಚು ಸಂಖ್ಯೆಗಳು, ಕೊನೆಗೆ ಇಂಗ್ಲಿಷಿನ ಸಣ್ಣ ಎಂ ಅಕ್ಷರ ಬರುತ್ತವೆ. ಟರ್ಮಿನಲ್ ಈ ಗುಂಪನ್ನು ಪರದೆಯ ಮೇಲೆ ತೋರಿಸದೆ ನುಂಗಿಕೊಂಡು, ಅಲ್ಲಿಂದ ಮುಂದೆ ಬರುವ ಎಲ್ಲ ಅಕ್ಷರಗಳಿಗೂ ಆ ಶೈಲಿಯನ್ನು ಅನ್ವಯಿಸುತ್ತದೆ. ಇದು ಹಳೆಯ ವ್ಯವಸ್ಥೆ: ಇಸಿಎಂಎ-48 ಎಂಬ ಮಾನಕದ ಮೊದಲ ಆವೃತ್ತಿ 1976ರದು, ಈ ಸಂಕೇತಗಳನ್ನು ಜನಪ್ರಿಯಗೊಳಿಸಿದ ಡಿಇಸಿ ಕಂಪನಿಯ ವಿಟಿ100 ಟರ್ಮಿನಲ್ 1978ರದು. ಆ ವಿಟಿ100ಕ್ಕೆ ಬಣ್ಣವೇ ಇರಲಿಲ್ಲ ಎಂಬುದು ಬೇರೆ ಮಾತು.

ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ಕನ್ನಡದ ಹೆಸರುಗಳನ್ನೇ ಇಡಬಹುದು. ನಾಲ್ಕಾರು ಜನ ಸೇರಿ ಬರೆಯುವ ಕೋಡ್‌ನಲ್ಲಿ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಕಲಿಯುವ ಹಂತದಲ್ಲಿ ಅಡ್ಡಿಯಿಲ್ಲ. ಕೆಳಗಿನ ಸಾಲುಗಳನ್ನು ಹೀಗೆಯೇ ಒಂದು ಫೈಲಿನಲ್ಲಿ ಬರೆದುಕೊಳ್ಳಿ:

ಮುಗಿಸು = "\033[0\155"
ಕೆಂಪು = "\033[31\155"
ಸಾಲು = ಕೆಂಪು + "ಆಗುಂಬೆ 210.0" + ಮುಗಿಸು

ಇಲ್ಲಿ 033 ಎಂಬುದು ಎಸ್ಕೇಪ್ ಅಕ್ಷರದ ಆಕ್ಟಲ್ ಸಂಖ್ಯೆ, 155 ಎಂಬುದು ಸಣ್ಣ ಎಂ ಅಕ್ಷರದ ಆಕ್ಟಲ್ ಸಂಖ್ಯೆ. ಕೊನೆಯ ನಾಲ್ಕು ಚಿಹ್ನೆಗಳ ಬದಲು ನೇರವಾಗಿ ಎಂ ಅಕ್ಷರವನ್ನೇ ಟೈಪ್ ಮಾಡಿದರೂ ಫಲಿತಾಂಶ ಒಂದೇ, ಮತ್ತು ಬೇರೆಯವರ ಕೋಡ್‌ನಲ್ಲಿ ನೀವು ನೋಡುವುದು ಆ ರೂಪವನ್ನೇ. ಈಗ ಸಾಲು ಎಂಬುದನ್ನು ಪ್ರಿಂಟ್ ಫಂಕ್ಷನ್‌ಗೆ ಕೊಟ್ಟರೆ ಕೆಂಪು ಬರಹ ಕಾಣುತ್ತದೆ. ಪೈಥಾನ್‌ನ ಪ್ರಾಂಪ್ಟ್‌ನಲ್ಲಿ ಬರೀ ವೇರಿಯಬಲ್‌ನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಬಣ್ಣ ಬರುವುದಿಲ್ಲ, ಎಸ್ಕೇಪ್ ಸಂಕೇತವೇ ಅಕ್ಷರರೂಪದಲ್ಲಿ ಕಾಣುತ್ತದೆ. ಕಲಿಯುವವರು ಇಲ್ಲಿ ಗಾಬರಿಯಾಗುವುದುಂಟು, ಆದರೆ ಕೋಡ್‌ನಲ್ಲಿ ತಪ್ಪೇನೂ ಆಗಿರುವುದಿಲ್ಲ.

ಮುಗಿಸು ಎಂಬ ತುಣುಕನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬೇಕೆಂದೇ ಒಮ್ಮೆ ಮಾಡಿ ನೋಡಿ. ಪ್ರೋಗ್ರಾಂ ಮುಗಿದ ಮೇಲೂ ಮುಂದೆ ಬರುವ ಬರಹವೆಲ್ಲ ಕೆಂಪಾಗಿಯೇ ಉಳಿಯಬಹುದು. ಆಗ ರೀಸೆಟ್ ಎಂಬ ಕಮಾಂಡ್ ಕೊಟ್ಟರೆ ಟರ್ಮಿನಲ್ ಮೊದಲ ಸ್ಥಿತಿಗೆ ಮರಳುತ್ತದೆ.

ಸಂಖ್ಯೆಗಳ ಪರಿಚಯ

ಅಕ್ಷರದ ಬಣ್ಣಕ್ಕೆ 30ರಿಂದ 37ರವರೆಗಿನ ಸಂಖ್ಯೆಗಳಿವೆ: ಕ್ರಮವಾಗಿ ಕಪ್ಪು, ಕೆಂಪು, ಹಸಿರು, ಹಳದಿ, ನೀಲಿ, ಮಜೆಂಟಾ, ಸಯಾನ್, ಬಿಳಿ. ಇದಕ್ಕೆ 10 ಕೂಡಿಸಿದರೆ, ಅಂದರೆ 40ರಿಂದ 47, ಹಿನ್ನೆಲೆಯ ಬಣ್ಣ. ಇದೇ ಎಂಟರ ಉಜ್ವಲ ರೂಪಗಳು 90ರಿಂದ 97ರಲ್ಲಿವೆ. ಶೈಲಿಗಳ ಪೈಕಿ 1 ದಪ್ಪ, 2 ಮಂದ, 3 ಓರೆ, 4 ಅಡಿಗೆರೆ, 7 ಅಕ್ಷರ ಮತ್ತು ಹಿನ್ನೆಲೆಗಳ ಬಣ್ಣ ಅದಲುಬದಲು, 9 ಅಡ್ಡಗೆರೆ. ಮಿನುಗುವ ಅಕ್ಷರಗಳಿಗೆ 5 ಇದೆ, ಅದನ್ನು ಬಳಸಬೇಡಿ. ಒಂದಕ್ಕಿಂತ ಹೆಚ್ಚು ಬೇಕಿದ್ದಾಗ ಅರ್ಧವಿರಾಮ ಹಾಕಿ ಒಂದೇ ಆದೇಶದಲ್ಲಿ ಸೇರಿಸಬಹುದು:

ದಪ್ಪ_ಕೆಂಪು = "\033[1;31\155"

ಶೈಲಿಯನ್ನು ಮುಗಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಸೊನ್ನೆ ಎಲ್ಲವನ್ನೂ ಒಟ್ಟಿಗೆ ತೆಗೆದುಹಾಕುತ್ತದೆ. ಇಡೀ ಶೀರ್ಷಿಕೆ ದಪ್ಪಕ್ಷರದಲ್ಲಿದ್ದು, ಅದರ ನಡುವೆ ಊರಿನ ಹೆಸರು ಮಾತ್ರ ಹಸಿರಾಗಿರಬೇಕೆಂದುಕೊಳ್ಳಿ. ಊರಿನ ಹೆಸರಿನ ನಂತರ ಸೊನ್ನೆ ಹಾಕಿದರೆ ಹಸಿರಿನ ಜೊತೆಗೆ ದಪ್ಪವೂ ಹೋಗಿ, ಶೀರ್ಷಿಕೆಯ ಉಳಿದರ್ಧ ತೆಳ್ಳಗೆ ಕಾಣುತ್ತದೆ. ಇಂಥ ಕಡೆ ಬಣ್ಣವನ್ನಷ್ಟೇ ತೆಗೆಯುವ 39 ಬೇಕು. ಹಿನ್ನೆಲೆಗೆ 49, ದಪ್ಪ ಮತ್ತು ಮಂದ ಎರಡಕ್ಕೂ 22, ಓರೆಗೆ 23, ಅಡಿಗೆರೆಗೆ 24. ಹಿನ್ನೆಲೆಗೆ ಬಣ್ಣ ಕೊಟ್ಟಿದ್ದರೆ ಸಾಲು ಮುರಿಯುವ ಮೊದಲೇ ಅದನ್ನು ಮುಗಿಸಿ. ಇಲ್ಲವಾದರೆ ಪರದೆ ಮೇಲಕ್ಕೆ ಸರಿಯುವಾಗ ಕೆಲವು ಟರ್ಮಿನಲ್‌ಗಳಲ್ಲಿ ಹೊಸ ಸಾಲಿನ ಉದ್ದಕ್ಕೂ ಆ ಬಣ್ಣ ತುಂಬಿಕೊಳ್ಳುತ್ತದೆ.

31 ಎಂದರೆ ಇಂಥದೇ ಕೆಂಪು ಎಂದು ಭಾವಿಸಬಾರದು. ಈ ಬಣ್ಣಗಳ ನಿಜವಾದ ಛಾಯೆಯನ್ನು ನಿರ್ಧರಿಸುವುದು ನೋಡುವವರ ಟರ್ಮಿನಲ್‌ನ ಥೀಮ್. ಕಪ್ಪು ಹಿನ್ನೆಲೆಯಲ್ಲಿ 34ರ ನೀಲಿ ಅನೇಕ ಕಡೆ ಓದಲಾಗದಷ್ಟು ಕತ್ತಲಾಗಿರುತ್ತದೆ. ಬಿಳಿ ಹಿನ್ನೆಲೆಯಲ್ಲಿ 33ರ ಹಳದಿ ಕಣ್ಣಿಗೆ ಸಿಗುವುದೇ ಇಲ್ಲ. ಸೋಲರೈಸ್ಡ್ ಎಂಬ ಹೆಸರಾಂತ ಥೀಮ್‌ನಲ್ಲಂತೂ ಉಜ್ವಲ ಹಸಿರಿನ ಜಾಗದಲ್ಲಿ ಬೂದು ಬಣ್ಣವಿದೆ. ಹಾಗಾಗಿ ಸಾಮಾನ್ಯ ಬರಹಕ್ಕೆ ಬಣ್ಣವನ್ನೇ ಕೊಡದೆ ಬಳಕೆದಾರರ ಆಯ್ಕೆಗೆ ಬಿಟ್ಟು, ಗಮನ ಬೇಕಾದ ಕಡೆ ಮಾತ್ರ ಬಣ್ಣ ಬಳಸುವುದು ಕ್ಷೇಮ.

ಕಿತ್ತಳೆಯ ಸಮಸ್ಯೆ

ಹವಾಮಾನ ಇಲಾಖೆಯ ನಾಲ್ಕು ಬಣ್ಣಗಳು ಹಸಿರು, ಹಳದಿ, ಕಿತ್ತಳೆ, ಕೆಂಪು. ಟರ್ಮಿನಲ್‌ನ ಮೂಲ ಎಂಟು ಬಣ್ಣಗಳಲ್ಲಿ ಕಿತ್ತಳೆ ಇಲ್ಲ. ಇಲ್ಲಿ 256 ಬಣ್ಣಗಳ ಪಟ್ಟಿ ನೆರವಿಗೆ ಬರುತ್ತದೆ. ಅಕ್ಷರದ ಬಣ್ಣಕ್ಕೆ 38;5; ಎಂದು ಬರೆದು, ಮುಂದೆ 0ರಿಂದ 255ರೊಳಗಿನ ಒಂದು ಸಂಖ್ಯೆಯನ್ನು ಕೊಡಬೇಕು. ಹಿನ್ನೆಲೆಗಾದರೆ 38ರ ಬದಲು 48. ಈ ಪಟ್ಟಿಯಲ್ಲಿ ಮೊದಲ 16 ಸಂಖ್ಯೆಗಳು ಹಿಂದೆ ಹೇಳಿದ ಎಂಟು ಬಣ್ಣಗಳು ಮತ್ತು ಅವುಗಳ ಉಜ್ವಲ ರೂಪಗಳು. 16ರಿಂದ 231ರವರೆಗಿನವು ಕೆಂಪು, ಹಸಿರು, ನೀಲಿಗಳನ್ನು ಆರಾರು ಮಟ್ಟಗಳಲ್ಲಿ ಬೆರೆಸಿದ 216 ಬಣ್ಣಗಳು. 232ರಿಂದ 255ರವರೆಗಿನವು ಬೂದು ಬಣ್ಣದ 24 ಛಾಯೆಗಳು.

ಮಿಶ್ರ ಬಣ್ಣದ ಸಂಖ್ಯೆಯನ್ನು ಲೆಕ್ಕ ಹಾಕಿಯೇ ಕಂಡುಹಿಡಿಯಬಹುದು. ಮೂರೂ ಬಣ್ಣಗಳಿಗೆ 0ರಿಂದ 5ರೊಳಗೆ ಒಂದೊಂದು ಮಟ್ಟ ಆರಿಸಿ, ಕೆಂಪಿನ ಮಟ್ಟವನ್ನು 36ರಿಂದಲೂ ಹಸಿರಿನ ಮಟ್ಟವನ್ನು 6ರಿಂದಲೂ ಗುಣಿಸಿ, ನೀಲಿಯ ಮಟ್ಟವನ್ನು ಹಾಗೆಯೇ ಸೇರಿಸಿ, ಒಟ್ಟಿಗೆ 16 ಕೂಡಿಸಬೇಕು. ಕಿತ್ತಳೆಗೆ ಕೆಂಪು ತುಂಬ ಬೇಕು, ಹಸಿರು ಸ್ವಲ್ಪ ಸಾಕು, ನೀಲಿ ಬೇಡ: 5, 2, 0. ಆಗ 180, 12, 0 ಮತ್ತು 16 ಸೇರಿ 208 ಆಗುತ್ತದೆ. ಹಸಿರಿನ ಮಟ್ಟವನ್ನು 3ಕ್ಕೆ ಏರಿಸಿದರೆ 214. ಅದು ಹಣ್ಣಡಿಕೆಯ ಬಣ್ಣಕ್ಕೆ ಹೆಚ್ಚು ಹತ್ತಿರ, ಆದರೆ ಪಕ್ಕದ ಹಳದಿಯೊಂದಿಗೆ ಗೊಂದಲವಾಗುವುದರಿಂದ ನಮಗೆ 208 ವಾಸಿ.

ಇದಕ್ಕೂ ಮುಂದೆ ಹೋಗಿ 38;2; ಎಂದು ಬರೆದು ಮೂರು ಬಣ್ಣಗಳಿಗೆ 0ರಿಂದ 255ರೊಳಗಿನ ಮೌಲ್ಯಗಳನ್ನು ನೇರವಾಗಿ ಕೊಡುವ ವಿಧಾನವೂ ಇದೆ; ಇದೇ ಕಿತ್ತಳೆ ಅಲ್ಲಿ 255;135;0 ಎಂದಾಗುತ್ತದೆ. ಎಲ್ಲ ಟರ್ಮಿನಲ್‌ಗಳೂ ಇದನ್ನು ಅರ್ಥಮಾಡಿಕೊಳ್ಳುವುದಿಲ್ಲ. ನಾಲ್ಕು ಬಣ್ಣಗಳ ಕೆಲಸಕ್ಕೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ.

ಮಳೆಯ ಪ್ರಮಾಣದಿಂದ ಬಣ್ಣಕ್ಕೆ

ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗಿನ ಮಳೆಯನ್ನು ಭಾರಿ ಎಂದೂ, 115.6ರಿಂದ 204.4ರವರೆಗಿನದನ್ನು ಅತಿ ಭಾರಿ ಎಂದೂ, ಅದಕ್ಕೂ ಮೇಲಿನದನ್ನು ವಿಪರೀತ ಭಾರಿ ಎಂದೂ ವರ್ಗೀಕರಿಸುತ್ತದೆ. ಇಲಾಖೆಯ ಅಲರ್ಟ್‌ಗಳು ಮುನ್ಸೂಚನೆಗಳು, ನಮ್ಮ ಪ್ರೋಗ್ರಾಂ ತೋರಿಸುವುದು ಈಗಾಗಲೇ ಬಿದ್ದ ಮಳೆ. ಎರಡೂ ಒಂದೇ ಅಲ್ಲ. ಆದರೂ ಜನರಿಗೆ ರೂಢಿಯಾದ ಬಣ್ಣಗಳನ್ನೇ ಈ ಮಿತಿಗಳಿಗೆ ಹೊಂದಿಸಿದರೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಮಳೆ ಎಂಬ ವೇರಿಯಬಲ್‌ನಲ್ಲಿ ಒಂದು ಊರಿನ ಪ್ರಮಾಣ ಸಂಖ್ಯೆಯಾಗಿ ಇದೆ ಎಂದುಕೊಂಡರೆ:

ಹಸಿರು = "\033[32\155"
ಹಳದಿ = "\033[33\155"
ಕಿತ್ತಳೆ = "\033[38;5;208\155"
ಮಟ್ಟ = (ಮಳೆ >= 64.5) + (ಮಳೆ >= 115.6) + (ಮಳೆ >= 204.5)
ಬಣ್ಣ = [ಹಸಿರು, ಹಳದಿ, ಕಿತ್ತಳೆ, ದಪ್ಪ_ಕೆಂಪು][ಮಟ್ಟ]

ಪೈಥಾನ್‌ನಲ್ಲಿ ಹೋಲಿಕೆಯ ಉತ್ತರ ಹೌದು ಎಂದಾದರೆ 1, ಅಲ್ಲ ಎಂದಾದರೆ 0 ಎಂದು ಕೂಡಿಸಲು ಬರುತ್ತದೆ. ಹುಲಿಕಲ್‌ನಲ್ಲಿ 187.4 ಮಿ.ಮೀ. ಬಿದ್ದಿದೆ ಎಂದಿಟ್ಟುಕೊಂಡರೆ ಮೊದಲ ಎರಡು ಹೋಲಿಕೆಗಳು ನಿಜ, ಮೂರನೆಯದು ಸುಳ್ಳು. ಮಟ್ಟ 2, ಪಟ್ಟಿಯ ಸೂಚ್ಯಂಕಗಳು ಸೊನ್ನೆಯಿಂದ ಶುರುವಾಗುವುದರಿಂದ 2 ಎಂಬ ಸೂಚ್ಯಂಕದಲ್ಲಿರುವುದು ಕಿತ್ತಳೆ. ಪಟ್ಟಿಯ ಕ್ರಮವನ್ನೂ ಮಿತಿಗಳನ್ನೂ ಹೀಗೆ ಒಂದೇ ಜಾಗದಲ್ಲಿಟ್ಟರೆ ಮುಂದೆ ಬದಲಾಯಿಸುವುದು ಸುಲಭ.

ಇನ್ನು ಬಣ್ಣವಿಲ್ಲದೆಯೂ ಓದಿಸಿಕೊಳ್ಳುವ ಗುರುತು ಬೇಕು. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದವರು, ಅದರಲ್ಲೂ ಗಂಡಸರು, ನಾವೆಣಿಸಿದ್ದಕ್ಕಿಂತ ಹೆಚ್ಚಿದ್ದಾರೆ. ನಮ್ಮ ಪಟ್ಟಿಯ ಎರಡು ತುದಿಗಳಲ್ಲಿರುವುದು ಅವೇ ಬಣ್ಣಗಳು. ಔಟ್‌ಪುಟ್ ಅನ್ನು ಕಪ್ಪು-ಬಿಳುಪು ಪ್ರಿಂಟರ್‌ನಲ್ಲಿ ಮುದ್ರಿಸಿ ಸಹಕಾರ ಸಂಘದ ಫಲಕಕ್ಕೆ ಅಂಟಿಸುವವರೂ ಇರಬಹುದು. ಅದಕ್ಕಾಗಿ ಮಟ್ಟದಷ್ಟೇ ಆಶ್ಚರ್ಯಸೂಚಕ ಚಿಹ್ನೆಗಳನ್ನು ಹಾಕೋಣ:

ಗುರುತು = "!" * ಮಟ್ಟ + " " * (3 - ಮಟ್ಟ)

ಉಳಿದ ಜಾಗವನ್ನು ಖಾಲಿ ಬಿಟ್ಟು ತುಂಬಿಸಿರುವುದರಿಂದ ಗುರುತಿನ ಅಗಲ ಯಾವಾಗಲೂ ಮೂರೇ ಆಗಿರುತ್ತದೆ. ಈ ಅಗಲದ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಕನ್ನಡದ ಔಟ್‌ಪುಟ್ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಸಾಲುಗಳ ಜೋಡಣೆ

ಅಂಕಣಗಳು ನೇರವಾಗಿ ನಿಲ್ಲಬೇಕಾದರೆ ಪ್ರತಿ ತುಣುಕಿಗೂ ಖಾಲಿ ಜಾಗ ಸೇರಿಸಿ ಒಂದೇ ಅಗಲಕ್ಕೆ ತರಬೇಕು. ಪೈಥಾನ್ ಅಗಲ ಎಣಿಸುವಾಗ ಬಣ್ಣದ ಸಂಕೇತಗಳ ಅಕ್ಷರಗಳನ್ನೂ ಎಣಿಸುತ್ತದೆ. ಕೆಂಪಿನ ಆದೇಶದಲ್ಲಿ ಐದು ಅಕ್ಷರಗಳಿವೆ, ಕಿತ್ತಳೆಯದರಲ್ಲಿ ಹನ್ನೊಂದು. ಇವು ಯಾವುವೂ ಪರದೆಯಲ್ಲಿ ಜಾಗ ತೆಗೆದುಕೊಳ್ಳುವುದಿಲ್ಲ. ಬಣ್ಣ ಕೊಟ್ಟ ಮೇಲೆ ಜಾಗ ತುಂಬಿಸಿದರೆ ಅಂಕಣಗಳು ಸೊಟ್ಟಗಾಗುವುದು ಖಚಿತ. ಮೊದಲು ಅಗಲ ಸರಿಪಡಿಸಿ, ನಂತರವೇ ಬಣ್ಣದಲ್ಲಿ ಸುತ್ತಬೇಕು. ಫೈಲಿನಿಂದ ಓದಿದ ಅಂಕಿ ಪಠ್ಯ ಎಂಬ ಹೆಸರಿನಲ್ಲಿದ್ದರೆ, ಅದನ್ನು ಏಳು ಸ್ಥಾನಗಳ ಅಗಲದಲ್ಲಿ ಬಲಕ್ಕೆ ಸರಿಸುವುದು ಹೀಗೆ:

ಅಂಕಿ = (" " * 7 + ಪಠ್ಯ)[-7:]

ಕನ್ನಡದ ಹೆಸರುಗಳಿಗೆ ಈ ಉಪಾಯ ಕೈಕೊಡುತ್ತದೆ. ಸಾಗರ ಎಂಬ ಪದದಲ್ಲಿ ನಾವು ಮೂರು ಅಕ್ಷರ ಎಣಿಸುತ್ತೇವೆ, ಪೈಥಾನ್ ನಾಲ್ಕು ಎಣಿಸುತ್ತದೆ. ತೀರ್ಥಹಳ್ಳಿಯಲ್ಲಿ ನಮಗೆ ನಾಲ್ಕು, ಪೈಥಾನ್‌ಗೆ ಹತ್ತು. ದೀರ್ಘ, ಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲವೂ ಅದಕ್ಕೆ ಬೇರೆ ಬೇರೆ ಸಂಕೇತಗಳು. ಪರದೆಯ ಮೇಲೆ ಆ ಹೆಸರು ಎಷ್ಟು ಜಾಗ ಹಿಡಿಯುತ್ತದೆ ಎಂಬುದು ಈ ಎರಡೂ ಎಣಿಕೆಗಳಿಗೆ ಸೇರದೆ, ಫಾಂಟ್ ಮತ್ತು ಟರ್ಮಿನಲ್‌ಗೆ ತಕ್ಕಂತೆ ಬದಲಾಗುತ್ತದೆ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸದ ಟರ್ಮಿನಲ್‌ಗಳೂ ಸಾಕಷ್ಟಿವೆ. ಇದರೊಂದಿಗೆ ಗುದ್ದಾಡುವ ಬದಲು ಸಾಲಿನ ಕ್ರಮವನ್ನೇ ಬದಲಾಯಿಸುವುದು ಜಾಣತನ: ಅಂಕಿ ಮೊದಲು, ಗುರುತು ಆಮೇಲೆ, ಊರಿನ ಹೆಸರು ಕೊನೆಗೆ. ಹೆಸರಿನ ನಂತರ ಏನೂ ಇಲ್ಲದಿದ್ದರೆ ಅದರ ಅಗಲದಿಂದ ಯಾವ ತೊಂದರೆಯೂ ಇಲ್ಲ.

ಸಾಲು = ಬಣ್ಣ + ಅಂಕಿ + " " + ಗುರುತು + ಮುಗಿಸು + " " + ಊರು

ಊರಿನ ಹೆಸರನ್ನು ಬಣ್ಣದ ಹೊರಗೆ ಬಿಟ್ಟಿರುವುದನ್ನು ಗಮನಿಸಿ. ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆ, ಯಡೂರುಗಳಲ್ಲಿ ಒಂದೇ ದಿನ ಅತಿ ಭಾರಿ ಮಳೆಯಾಗುವುದು ಜುಲೈನಲ್ಲಿ ಅಪರೂಪವೇನಲ್ಲ. ಇಡೀ ಸಾಲಿಗೆ ಬಣ್ಣ ಕೊಟ್ಟರೆ ಪರದೆಯ ಅರ್ಧ ಭಾಗ ಕಿತ್ತಳೆಯಾಗಿ, ಬಣ್ಣದ ಉಪಯೋಗವೇ ಇಲ್ಲವಾಗುತ್ತದೆ. ಹುಡುಕಿದ ಪದವನ್ನು ಎತ್ತಿ ತೋರಿಸುವಂಥ ಕೆಲಸಕ್ಕೆ ಕನ್ನಡ ಪದದ ನಡುವೆ ಬಣ್ಣ ಹಾಕಬೇಕಾಗಿ ಬಂದರೆ, ಒತ್ತಕ್ಷರವನ್ನು ಸೀಳುವ ಜಾಗದಲ್ಲಿ ಆದೇಶವನ್ನು ತೂರಿಸಬೇಡಿ. ಶಿವಮೊಗ್ಗ ಎಂಬಲ್ಲಿ ಗಕಾರಕ್ಕೂ ಅದರ ಒತ್ತಿಗೂ ನಡುವೆ ಸಂಕೇತ ಬಂದರೆ ಅಕ್ಷರವೇ ಒಡೆದು ಕಾಣುತ್ತದೆ.

ಬಣ್ಣ ಬೇಡವಾದಾಗ

ಔಟ್‌ಪುಟ್ ಅನ್ನು ಫೈಲಿಗೆ ಉಳಿಸಿದಾಗ ಅಥವಾ ಪೈಪ್ ಮೂಲಕ ಬೇರೆ ಪ್ರೋಗ್ರಾಂಗೆ ಕಳಿಸಿದಾಗ ಬಣ್ಣದ ಸಂಕೇತಗಳೂ ಜೊತೆಗೇ ಹೋಗುತ್ತವೆ. ಆ ಫೈಲನ್ನು ಎಡಿಟರ್‌ನಲ್ಲಿ ತೆರೆದವರಿಗೆ ಪ್ರತಿ ಸಾಲಿನಲ್ಲೂ ಆವರಣ ಮತ್ತು ಅಂಕಿಗಳ ಕಸ ಕಾಣುತ್ತದೆ. ಸ್ಪ್ರೆಡ್‌ಶೀಟ್‌ಗೆ ಹಾಕಿದವರಿಗೆ 187.4 ಎಂಬುದು ಸಂಖ್ಯೆಯಾಗಿಯೇ ಸಿಗುವುದಿಲ್ಲ. ಆದ್ದರಿಂದ ಔಟ್‌ಪುಟ್ ನಿಜವಾಗಿ ಟರ್ಮಿನಲ್‌ಗೇ ಹೋಗುತ್ತಿದೆಯೇ ಎಂದು ಪ್ರೋಗ್ರಾಂ ಮೊದಲು ಕೇಳಿಕೊಳ್ಳಬೇಕು. ಪೈಥಾನ್‌ನ ಸಿಸ್ ಮಾಡ್ಯೂಲ್‌ನಲ್ಲಿರುವ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ 'ಈಸ್ ಎ ಟಿಟಿವೈ' ಎಂಬ ಮೆಥಡ್ ಇದೆ (ಕೋಡ್‌ನಲ್ಲಿ ಜಾಗ ಬಿಡದೆ, ಎಲ್ಲವೂ ಸಣ್ಣಕ್ಷರಗಳಲ್ಲಿ). ಅದರ ಉತ್ತರವನ್ನು ಬಣ್ಣ_ಬೇಕು ಎಂಬ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ.

ಎರಡನೆಯದಾಗಿ, ನೋ_ಕಲರ್ ಎಂಬ, ಬಳಕೆದಾರರು ಪ್ರೋಗ್ರಾಂನ ಹೊರಗೆ ನಿಗದಿಪಡಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು ನೋಡಬೇಕು. ಅದರ ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆಯಲಾಗುತ್ತದೆ. ಅದು ಖಾಲಿಯಲ್ಲದ ಯಾವ ಮೌಲ್ಯವನ್ನು ಹೊಂದಿದ್ದರೂ ಬಣ್ಣ ಬೇಡ ಎಂಬುದು 2017ರಿಂದ ಪ್ರಚಾರದಲ್ಲಿರುವ ಒಪ್ಪಂದ, ಅನೇಕ ಪ್ರೋಗ್ರಾಂಗಳು ಅದನ್ನು ಪಾಲಿಸುತ್ತವೆ. ಟರ್ಮ್ ಎಂಬ ವೇರಿಯಬಲ್‌ನ ಮೌಲ್ಯ ಡಂಬ್ ಎಂದಿದ್ದರೂ ಬಣ್ಣ ಕೊಡಬಾರದು. ಇವುಗಳಲ್ಲಿ ಒಂದಾದರೂ ಅನ್ವಯಿಸಿದರೆ ಬಣ್ಣ_ಬೇಕು ಎಂಬುದನ್ನು ಸುಳ್ಳಾಗಿಸಿ. ಅಲ್ಲಿಂದ ಮುಂದಿನ ಕೆಲಸ ಸುಲಭ. ಸ್ಟ್ರಿಂಗ್ ಅನ್ನು, ಅಂದರೆ ಉದ್ಧರಣ ಚಿಹ್ನೆಗಳ ನಡುವಿನ ಬರಹವನ್ನು, ಸುಳ್ಳಿನಿಂದ ಗುಣಿಸಿದರೆ ಪೈಥಾನ್ ಖಾಲಿ ಸ್ಟ್ರಿಂಗ್ ಕೊಡುತ್ತದೆ:

ದಪ್ಪ_ಕೆಂಪು = "\033[1;31\155" * ಬಣ್ಣ_ಬೇಕು
ಮುಗಿಸು = "\033[0\155" * ಬಣ್ಣ_ಬೇಕು

ಉಳಿದ ಬಣ್ಣಗಳನ್ನೂ ಹೀಗೆಯೇ ಬರೆದರೆ, ಸಾಲು ಕಟ್ಟುವ ಕೋಡ್‌ನಲ್ಲಿ ಒಂದು ಅಕ್ಷರವನ್ನೂ ಬದಲಾಯಿಸಬೇಕಾಗಿಲ್ಲ. ದೋಷದ ಸಂದೇಶಗಳು ಸ್ಟ್ಯಾಂಡರ್ಡ್ ಎರರ್ ಎಂಬ ಬೇರೆ ದಾರಿಯಲ್ಲಿ ಹೋಗುವುದರಿಂದ, ಅದಕ್ಕೆ ಪ್ರತ್ಯೇಕವಾಗಿ ಇದೇ ಪರೀಕ್ಷೆ ಮಾಡಬೇಕು. ಅಂಕಿಗಳು ಫೈಲಿಗೆ ಹೋಗುತ್ತಿದ್ದರೂ ದೋಷದ ಸಂದೇಶ ಪರದೆಗೇ ಬರುತ್ತಿರಬಹುದು.

ಪಟ್ಟಿ ಉದ್ದವಾಗಿ ಲೆಸ್ ಕಮಾಂಡ್ ಮೂಲಕ ಪುಟ ಪುಟವಾಗಿ ನೋಡುವವರಿಗೆ ಬಣ್ಣ ಬೇಕೆನಿಸಬಹುದು. ಪೈಪ್ ಇರುವುದರಿಂದ ನಮ್ಮ ಪರೀಕ್ಷೆ ಅಲ್ಲಿ ಬಣ್ಣವನ್ನು ನಿಲ್ಲಿಸುತ್ತದೆ. ಬಣ್ಣ ಯಾವಾಗಲೂ, ಎಂದೂ ಬೇಡ, ತಾನಾಗಿಯೇ ನಿರ್ಧರಿಸಲಿ ಎಂಬ ಮೂರು ಮೌಲ್ಯಗಳ ಆಯ್ಕೆಯೊಂದನ್ನು ಗ್ರೆಪ್ ಕಮಾಂಡ್‌ನಲ್ಲಿ ಇರುವಂತೆಯೇ ನಿಮ್ಮ ಪ್ರೋಗ್ರಾಂನಲ್ಲೂ ಕೊಡಿ. ಬಳಕೆದಾರರು ಯಾವಾಗಲೂ ಎಂದು ಹೇಳಿ, ಲೆಸ್‌ಗೆ ದೊಡ್ಡಕ್ಷರದ ಆರ್ ಆಯ್ಕೆ ಸೇರಿಸಿದರೆ ಬಣ್ಣ ಕಾಣುತ್ತದೆ.

ಇನ್ನು ಕೆಲವು

ಪ್ರೋಗ್ರಾಂ ನಡೆಯುತ್ತಿರುವಾಗ ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸುವವರಿದ್ದಾರೆ. ಆ ಕ್ಷಣದಲ್ಲಿ ಬಣ್ಣ ತೆರೆದಿದ್ದರೆ ಅದು ಟರ್ಮಿನಲ್‌ನಲ್ಲೇ ಉಳಿಯುತ್ತದೆ. ಬಣ್ಣ ಮತ್ತು ಮುಗಿಸು ಎರಡನ್ನೂ ಒಂದೇ ಸ್ಟ್ರಿಂಗ್‌ನಲ್ಲಿ ಸೇರಿಸಿ ಒಂದೇ ಸಲ ಮುದ್ರಿಸುವುದರಿಂದ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಜೊತೆಗೆ ಇಡೀ ಕೆಲಸವನ್ನು ಟ್ರೈ ಬ್ಲಾಕ್‌ನಲ್ಲಿಟ್ಟು, ಫೈನಲಿ ಭಾಗದಲ್ಲಿ ಮುಗಿಸು ಎಂಬುದನ್ನು ಮುದ್ರಿಸಿ.

ಊರಿನ ಹೆಸರುಗಳು ಬೇರೆಯವರು ತುಂಬಿಸಿದ ಫೈಲಿನಿಂದ ಬರುತ್ತಿದ್ದರೆ, ಅವುಗಳಲ್ಲಿರಬಹುದಾದ ಎಸ್ಕೇಪ್ ಅಕ್ಷರವನ್ನು ಮುದ್ರಿಸುವ ಮೊದಲು ತೆಗೆದುಹಾಕಿ. ಬಣ್ಣ ಬದಲಾಯಿಸುವುದಷ್ಟೇ ಅಲ್ಲ, ಪರದೆಯನ್ನು ಅಳಿಸುವ, ಕರ್ಸರ್ ಅನ್ನು ಹಿಂದಕ್ಕೆ ಸರಿಸಿ ಹಳೆಯ ಸಾಲಿನ ಮೇಲೆ ಬರೆಯುವ ಆದೇಶಗಳೂ ಅದೇ ಅಕ್ಷರದಿಂದ ಶುರುವಾಗುತ್ತವೆ.

ವಿಂಡೋಸ್ ಟರ್ಮಿನಲ್‌ನಲ್ಲಿ ಮೇಲಿನದೆಲ್ಲವೂ ನೇರವಾಗಿ ನಡೆಯುತ್ತದೆ. ಹಳೆಯ ಕನ್ಸೋಲ್ ಕಿಟಕಿಯಲ್ಲಿ ವಿಂಡೋಸ್ 10ರಿಂದೀಚೆಗೆ ಬೆಂಬಲವಿದ್ದರೂ ಪ್ರೋಗ್ರಾಂ ಅದನ್ನು ಚಾಲೂ ಮಾಡಬೇಕಾಗಬಹುದು; ಕಲರಾಮಾ ಎಂಬ ಪೈಥಾನ್ ಲೈಬ್ರರಿ ಆ ಕೆಲಸವನ್ನು ಮಾಡಿಕೊಡುತ್ತದೆ. ಕೋಷ್ಟಕ, ಪ್ರಗತಿ ಪಟ್ಟಿ ಮುಂತಾದವು ಬೇಕಾದರೆ ರಿಚ್ ಎಂಬ ಲೈಬ್ರರಿ ಇದೆ. ಕನ್ನಡ ಹೆಸರುಗಳ ಅಂಕಣವನ್ನು ಅದರ ಕೋಷ್ಟಕದಲ್ಲೂ ಕೊನೆಗೇ ಇಡಿ.

ಶೆಲ್ ಸ್ಕ್ರಿಪ್ಟ್ ಬರೆಯುವವರು ಸಂಕೇತಗಳನ್ನು ಕೈಯಾರೆ ಬರೆಯುವ ಬದಲು, ಟರ್ಮಿನಲ್‌ನ ಸಾಮರ್ಥ್ಯವನ್ನು ಟರ್ಮಿನಲ್‌ಗಳ ದತ್ತಸಂಚಯದಿಂದ ಓದಿ ತಕ್ಕ ಆದೇಶವನ್ನು ಕೊಡುವ ಟೀಪುಟ್ ಕಮಾಂಡ್ ಬಳಸಬಹುದು. ಬ್ಯಾಷ್ ಪ್ರಾಂಪ್ಟ್‌ಗೆ ಬಣ್ಣ ಕೊಡುವವರು ಪ್ರತಿ ಬಣ್ಣದ ಆದೇಶವನ್ನು \[ ಮತ್ತು \] ಎಂಬ ಚಿಹ್ನೆಗಳ ನಡುವೆ ಇಡಲೇಬೇಕು. ಇಲ್ಲದಿದ್ದರೆ ಬ್ಯಾಷ್ ಪ್ರಾಂಪ್ಟ್‌ನ ಅಗಲವನ್ನು ತಪ್ಪಾಗಿ ಎಣಿಸಿ, ಉದ್ದದ ಕಮಾಂಡ್ ಟೈಪ್ ಮಾಡುವಾಗ ಅದೇ ಸಾಲಿನ ಮೇಲೆ ಮತ್ತೆ ಬರೆಯತೊಡಗುತ್ತದೆ.

ಕೊನೆಗೆ ಪರೀಕ್ಷೆ. ಪ್ರೋಗ್ರಾಂ ಅನ್ನು ಒಮ್ಮೆ ಕಪ್ಪು ಹಿನ್ನೆಲೆಯಲ್ಲಿ, ಒಮ್ಮೆ ಬಿಳಿ ಹಿನ್ನೆಲೆಯಲ್ಲಿ, ಒಮ್ಮೆ ನೋ_ಕಲರ್‌ಗೆ 1 ಎಂಬ ಮೌಲ್ಯ ಕೊಟ್ಟು ಓಡಿಸಿ. ನಂತರ ಔಟ್‌ಪುಟ್ ಅನ್ನು ಫೈಲಿಗೆ ಉಳಿಸಿ, ಆ ಫೈಲನ್ನು ಕ್ಯಾಟ್ ಕಮಾಂಡ್‌ಗೆ ಸಣ್ಣಕ್ಷರದ ವಿ ಆಯ್ಕೆ ಕೊಟ್ಟು ನೋಡಿ. ಕನ್ನಡ ಅಕ್ಷರಗಳು ಆ ಆಯ್ಕೆಯಲ್ಲಿ ವಿಚಿತ್ರವಾಗಿ ಕಾಣುವುದು ಸಹಜ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಆದರೆ ಅಂಕಿಯ ಹಿಂದೆ ^[[ ಎಂಬ ಮೂರು ಚಿಹ್ನೆಗಳು ಎಲ್ಲಾದರೂ ಕಂಡರೆ ಬಣ್ಣ_ಬೇಕು ಎಂಬುದರಿಂದ ಗುಣಿಸದೆ ಬಿಟ್ಟ ಬಣ್ಣ ಇನ್ನೊಂದಿದೆ ಎಂದು ಅರ್ಥ.